ಭಟ್ಟಾ, ವ್ಯಾನ್ ತಗೊಳ್ಳೋ ಮುಂಚೆ

ಭಟ್ಟಾ,

ಫೋಟೋ ನೋಡಿದೆ. ಡಲ್ಲಾಸಿನ ಯಾವುದೋ ಷೋರೂಮಿನಲ್ಲಿ ವ್ಯಾನಿನ ಬಾಗಿಲು ತನ್ನಷ್ಟಕ್ಕೇ ಜಾರಿ ತೆರೆಯುತ್ತಿದೆ, ನೀನು ಪಕ್ಕದಲ್ಲಿ ಪ್ರೈವೇಟ್ ಬಸ್ಸಿನ ಕ್ಲೀನರ್ ಥರ ಕೈ ಚಾಚಿ ನಿಂತಿದ್ದೀಯ. "ರೈಟ್ ಪೋಯ್" ಅನ್ನುವುದೊಂದೇ ಬಾಕಿ. ಸುಮಾ ನೋಡಿದವಳೇ, "ಇದು ಓಮ್ನಿ ಅಲ್ವಾ?" ಅಂದಳು. ನನಗೂ ಹಾಗೇ ಅನ್ನಿಸಿತ್ತು. ನಮ್ಮ ಓಮ್ನಿಗೆ ಗ್ರೀನ್ ಕಾರ್ಡ್ ಸಿಕ್ಕಿ, ಹತ್ತು ವರ್ಷ ಚೀಸ್ ತಿಂದು ಊದಿಕೊಂಡ ಹಾಗಿದೆ.

ಅಪ್ಪಯ್ಯ, ಅಮ್ಮ ಆರು ತಿಂಗಳಿಗೆ ಬರ್ತಿದ್ದಾರೆ, ಟೊಯೋಟಾ ಸಿಯೆನಾ ತಗೊಳ್ಳಲಾ ಹೋಂಡಾ ಒಡಿಸ್ಸಿ ತಗೊಳ್ಳಲಾ, ಏಳು ಸೀಟಿನ ಗಾಡಿಯ ಅನುಭವ ನಿನಗಿದೆ, ಹೇಳು ಅಂತ ಕೇಳಿದ್ದೀಯ. ವಾಟ್ಸಾಪಿನಲ್ಲಿ ಉದ್ದ ಬರೆದರೆ ನೀನು ಓದುವುದಿಲ್ಲ, ಹೆಬ್ಬೆಟ್ಟು ಒತ್ತಿ ಸುಮ್ಮನಾಗುತ್ತೀಯ. ಹತ್ತು ಜನರ ಎದುರು ಬರೆದರಾದರೂ ಮರ್ಯಾದೆಗಂಜಿ ಓದುತ್ತೀಯ ಅಂತ ಇಲ್ಲಿ ಹಾಕುತ್ತಿದ್ದೇನೆ. ಹತ್ತು ಜನ ಕ್ಷಮಿಸಬೇಕು. ಉಪ್ಪಿನಕಾಯಿ ಜಾಡಿಯ ವಿಷಯ ಎತ್ತುವುದಿಲ್ಲ, ಹೆದರಬೇಡ.

ಮೊದಲು ಪಾಂಡಿತ್ಯ. ನಿಮ್ಮಲ್ಲಿ ಕ್ರೈಸ್ಲರ್‌ನವರು ಡಾಡ್ಜ್ ಕ್ಯಾರವಾನ್ ಅಂತ ಬಿಟ್ಟು ಈ ಮಿನಿವ್ಯಾನ್ ಹುಚ್ಚು ಹಿಡಿಸಿದ್ದು 1984ರ ಮಾಡೆಲಿನಿಂದ. ನಮ್ಮಲ್ಲಿ ಮಾರುತಿ ವ್ಯಾನ್ ಬಂದದ್ದೂ 1984ರಲ್ಲೇ. ಓಮ್ನಿ ಅಂತ ನಾಮಕರಣ ಆದದ್ದು 1988ರಲ್ಲಿ. ಅಂದರೆ ಇಬ್ಬರೂ ಓರಗೆಯವರು. ಒಬ್ಬ ಅಲ್ಲಿ ಮಕ್ಕಳನ್ನು ಫುಟ್‌ಬಾಲ್ ಆಡಿಸಲು ಕರೆದುಕೊಂಡು ಹೋದ. ಇನ್ನೊಬ್ಬ ಇಲ್ಲಿ ಸ್ಕೂಲ್ ವ್ಯಾನು, ಆಂಬುಲೆನ್ಸು, ಅಡಿಗೆಯವರ ಪಾತ್ರೆ ಗಾಡಿ ಎಲ್ಲ ಆಗಿ, ಸಿನಿಮಾದಲ್ಲಿ ಕಿಡ್ನಾಪ್ ಮಾಡಿ ಮಾಡಿ ದಣಿದು, 2019ರಲ್ಲಿ ನಿವೃತ್ತನಾದ. ಈಗ ನಿಮ್ಮ ಸಿಯೆನಾ 2021ರ ಮಾಡೆಲಿನಿಂದ ಬರೀ ಹೈಬ್ರಿಡ್ಡೇ ಅಂತೆ, ಪೆಟ್ರೋಲು ಉಳಿಯುತ್ತದೆ. ಒಡಿಸ್ಸಿ ಅಂದರೆ ನನಗೆ ಇನ್ನೂ ದೂರದರ್ಶನದ ನೃತ್ಯವೇ ನೆನಪಾಗುವುದರಿಂದ ಅದರ ಬಗ್ಗೆ ಮಾತಾಡುವ ಅರ್ಹತೆ ನನಗಿಲ್ಲ. ಪಾಂಡಿತ್ಯ ಮುಗಿಯಿತು.

ನಾನು ಆರಿಸಿದ ಕಥೆ ನಿನಗೆ ಅರ್ಧ ಗೊತ್ತು. 2021ರಲ್ಲಿ, ಎಲ್ಲರ ಹಾಗೆ ಇನ್ನೋವಾ ಕನಸಿನಿಂದಲೇ ಶುರು. 2005ರಿಂದ ಬಿಡದಿಯಲ್ಲಿ ತಯಾರಾಗುವ ಗಾಡಿ, ಫ್ಯಾಕ್ಟರಿ ನಮ್ಮ ಮನೆಯಿಂದ ಒಂದು ಗಂಟೆ ದಾರಿ. ಆನ್‌ರೋಡ್ ಬೆಲೆ ಕೇಳಿದ ಮೇಲೆ ಅದು ಚಂದ್ರಲೋಕಕ್ಕೆ ಹೋಯಿತು. ಟ್ರೈಬರ್ ನೋಡಿದೆವು. ಉದ್ದ ನಾಲ್ಕು ಮೀಟರಿಗೆ ಸರಿಯಾಗಿ ಒಂದು ಸೆಂಟಿಮೀಟರ್ ಕಡಿಮೆ, ದಾಟಿದರೆ ತೆರಿಗೆ ಏರುತ್ತದಲ್ಲ, ಅಷ್ಟರೊಳಗೆ ಮೂರು ಸಾಲು ಕೂರಿಸಿದ್ದಾರೆ, ಮೆಚ್ಚಬೇಕು. ಮರಾಜ್ಜೊ ನೋಡಿದೆವು. ಶಾರ್ಕ್ ಮೀನಿನ ಆಕಾರ ನೋಡಿ ಮಾಡಿದ್ದು ಸಾರ್ ಅಂದರು. ಮನೆಗೆ ಮೀನು ತಂದೆ ಅಂತ ಅಮ್ಮನಿಗೆ ಹೇಳುವ ಧೈರ್ಯ ಬರಲಿಲ್ಲ. ಎರ್ಟಿಗಾ, ಅದರ ಅಣ್ಣ ಎಕ್ಸ್‌ಎಲ್6, ಎಲ್ಲ ಆಯಿತು. ಕೊನೆಗೆ ದಸರಾಕ್ಕೆ ಒಂದು ಮನೆಗೆ ಬಂತು. ಯಾವುದು ಅಂತ ಇಲ್ಲಿ ಬರೆಯುವುದಿಲ್ಲ. ಮುಂದೆ ಹೇಳುವುದರಲ್ಲಿ ಕಂಪನಿಯದ್ದೇನೂ ತಪ್ಪಿಲ್ಲ.

ನಾಲ್ಕು ವರ್ಷದ ಸಂಸಾರ ಚೆನ್ನಾಗಿಯೇ ಇದೆ. ಊರೊಳಗೆ ಹನ್ನೆರಡು, ಹೈವೇಲಿ ಹದಿನೇಳು ಕೊಡುತ್ತದೆ. ಬೇಸ್‌ಮೆಂಟಿನ ಕಂಬಕ್ಕೆ ಎಡಗಡೆ ಎರಡು ಸಲ ಮುತ್ತು ಕೊಟ್ಟಿದೆ. ಮೂರನೇ ಸಾಲು ಎತ್ತಿದರೆ ಡಿಕ್ಕಿಯಲ್ಲಿ ಎರಡು ಬ್ಯಾಗು, ಒಂದು ಹಲಸಿನಹಣ್ಣು ಹಿಡಿಯುತ್ತದೆ. ಎರಡನೇ ಹಲಸಿನಹಣ್ಣು ಯಾರದ್ದಾದರೂ ಕಾಲಬುಡಕ್ಕೆ.

ಆ ಕಾಲಿನ ವಿಷಯಕ್ಕೇ ಬರುತ್ತಿದ್ದೇನೆ.

ಹೋದ ತಿಂಗಳು ತೀರ್ಥಹಳ್ಳಿಯಲ್ಲಿ ಮದುವೆ ಮುಗಿಸಿ ಹೊರಡುವ ಹೊತ್ತಿಗೆ ಅಂಗಳದ ಪಾಚಿಯಲ್ಲಿ ಜಾರಿದೆ. ಮಳೆ ಬಿಟ್ಟು ತಿಂಗಳಾಗಿತ್ತು, ಪಾಚಿ ಬಿಟ್ಟಿರಲಿಲ್ಲ. ನಗಬೇಡ, ಅಡಿಕೆ ಚಪ್ಪರದ ಕೆಳಗಿದ್ದ ಅಷ್ಟೂ ಜನ ಆಗಲೇ ನಕ್ಕಾಗಿದೆ. ಎಡಗೈ ಉಳುಕಿತು, ಗೇರ್ ಹಾಕುವ ಹಾಗಿಲ್ಲ. ಭಾವ ಬೀಗದಕೈ ಕಿತ್ತುಕೊಂಡ. ಮುಂದಿನ ಸೀಟಿನಲ್ಲಿ ಮಾವ ಆಗಲೇ ಬೆಲ್ಟ್ ಹಾಕಿ ಕೂತಾಗಿತ್ತು. ನಡುವಿನ ಸಾಲಿನಲ್ಲಿ ಮಗಳಿಗೆ ಕಿಟಕಿ ಬೇಕು, ಚಿಕ್ಕವನಿಗೆ ಅವಳ ಕಿಟಕಿಯೇ ಬೇಕು, ಮಧ್ಯೆ ಸುಮಾ ನ್ಯಾಯಾಧೀಶೆ. ನಾನು ಸೀಟು ಮಡಚಿ, ತೂರಿ, ಹಿಂದೆ ಹೋಗಿ ಅಮ್ಮನ ಪಕ್ಕ ಕೂತೆ. ನನ್ನದೇ ಕಾರಿನ ಮೂರನೇ ಸಾಲಿನಲ್ಲಿ ನಾನು ಕೂತದ್ದು ಅದೇ ಮೊದಲು.

ಮಂಡಗದ್ದೆ ಬರುವಷ್ಟರಲ್ಲಿ ಮಂಡಿ ಗಲ್ಲಕ್ಕೆ ತಾಗಿಕೊಂಡೇ ಇತ್ತು. ಆ ಕಿಟಕಿ ತೆಗೆಯಲು ಬರುವುದಿಲ್ಲ. ಎಸಿ ಅಲ್ಲಿಯತನಕ ಬರುವುದಿಲ್ಲ, ನಡುವಿನ ಸಾಲಿನವರೇ ಕುಡಿದು ಮುಗಿಸುತ್ತಾರೆ. ತಿರುವಿನಲ್ಲಿ ಮುಂದಿನವರು ಸ್ವಲ್ಪ ವಾಲಿದರೆ ಹಿಂದಿನವರು ಪೂರ್ತಿ ಒಗೆಯಲ್ಪಡುತ್ತಾರೆ. ಸಕ್ರೆಬೈಲಿನಲ್ಲಿ ಮಕ್ಕಳು "ಆನೆ, ಆನೆ" ಅಂತ ಕೂಗಿದರು. ನಮಗೆ ಕಂಡದ್ದು ಅವರ ತಲೆಗಳು. ಶಿವಮೊಗ್ಗ ದಾಟಿ ತರೀಕೆರೆ ಕಡೆ ಹೊರಟ ಮೇಲೆ ಮಧ್ಯಾಹ್ನದ ಬಿಸಿಲು ಹಿಂದಿನ ಗಾಜಿನಿಂದ ಸೀದಾ ನೆತ್ತಿಗೆ. ಮುಂದೆ ಏನೋ ತಮಾಷೆ ನಡೆಯಿತು, ಎಲ್ಲ ನಕ್ಕರು. ನಮಗೆ ಕೇಳಿಸಲಿಲ್ಲ. ಅಮ್ಮನೂ ನಕ್ಕಳು. "ಎಂತಕ್ಕೆ ನಗಾಡಿದ್ದು?" ಅಂತ ಕೇಳಿದೆ. "ಗೊತ್ತಿಲ್ಲ, ಎಲ್ಲ ನಗಾಡಿದ್ರಲ್ಲ" ಅಂದಳು.

ಆಮೇಲೆ ನೋಡಿದೆ. ಅಮ್ಮ ಅಲ್ಲೊಂದು ಸಂಸಾರವನ್ನೇ ಹೂಡಿದ್ದಾಳೆ. ಬಾಟಲಿ ಇಡುವ ಗೂಡಿನಲ್ಲಿ ಎರಡು ನಿಂಬೆಹಣ್ಣು, ಒಂದು ಹೊಸದು, ಒಂದು ಒಣಗಿ ಗೋಲಿಯಾದದ್ದು. ಮಡಚಿದ ಪ್ಲಾಸ್ಟಿಕ್ ಕವರು ನಾಲ್ಕು. ಬೆನ್ನಿಗೆ ಮಗಳ ಹಳೇ ಸ್ವೆಟರ್ ಸುತ್ತಿ ಮಾಡಿದ ದಿಂಬು. ಬ್ಯಾಗನ್ನು ಅಡ್ಡ ಮಲಗಿಸಿ ಅದರ ಮೇಲೆ ಕಾಲು, ಹಾಗಿಟ್ಟರೆ ಮಂಡಿ ಸ್ವಲ್ಪ ಇಳಿಯುತ್ತದೆ ಅಂತ ನನಗೂ ಹೇಳಿಕೊಟ್ಟಳು. ಸೀಟಿನ ಸಂದಿಯಿಂದ ಒಂದು ಲಗ್ನಪತ್ರಿಕೆಯ ಥರದ್ದು ತೆಗೆದು ನನಗೆ ಗಾಳಿ ಬೀಸಿದಳು. ಈಸಿಕೊಂಡು ನೋಡಿದೆ. ಅಕ್ಕನ ಮಗನ ಉಪನಯನದ ಕಾರ್ಡು. 2022, ಮೇ. ಅಂಚೆಲ್ಲ ಬೀಸಿ ಬೀಸಿ ನಾರಾಗಿದೆ.

ಲೆಕ್ಕ ಹಾಕು ಭಟ್ಟಾ. ನನ್ನ ಲೆಕ್ಕ ಕಡೂರು ಬರುವತನಕ ಮುಗಿಯಲಿಲ್ಲ.

ಇಲ್ಲಿಗೇ ನಿಲ್ಲಿಸಬೇಕು ಅಂದುಕೊಂಡಿದ್ದೆ. ಅಪ್ಪನ ಓಮ್ನಿ ನೆನಪಿದೆಯಲ್ಲ? ನಾವಿಬ್ಬರೂ ನಡುವಿನ ಸೀಟಿನಲ್ಲಿ ಹಿಂದುಮುಂದಾಗಿ ಕೂತು, ಹಿಂದಿನ ಸಾಲಿನವರಿಗೆ ಮಂಡಿ ತಾಗಿಸಿಕೊಂಡು ಶೃಂಗೇರಿಗೆ ಹೋಗುತ್ತಿದ್ದದ್ದು? ಆಗ ಮುಂದೆ ಎಡಗಡೆ ಕೂರುತ್ತಿದ್ದವಳು ಅಮ್ಮ. ಆ ಗಾಡಿಯ ಇಂಜಿನ್ನು ಮುಂದಿನ ಸೀಟಿನ ಕೆಳಗೇ, ಬೇಸಿಗೆಯಲ್ಲಿ ದೋಸೆ ಹುಯ್ಯಬಹುದಿತ್ತು. ಗೋಣಿ ಮಡಚಿ ಹಾಕಿಕೊಂಡು ಕೂರುತ್ತಿದ್ದಳು. ಮಳೆಗಾಲದಲ್ಲಿ ಎದುರಿನ ಗಾಜಿಗೆ ಹಬೆ ಕಟ್ಟಿದರೆ ಬಟ್ಟೆ ಹಿಡಿದು ಒರೆಸುವುದು ಅವಳ ಕೆಲಸ. ಪ್ರತಿ ತಿರುವಿಗೂ "ಹಾರನ್ ಮಾಡಿ" ಅನ್ನುವುದೂ ಅವಳದ್ದೇ. ಅಪ್ಪ ಹಾರನ್ ಮಾಡಿದ್ದು ನನಗೆ ನೆನಪಿಲ್ಲ.

ಅಪ್ಪ ಹೋದದ್ದು 2017ರಲ್ಲಿ. ವೈಕುಂಠ ಸಮಾರಾಧನೆ ಮುಗಿಸಿ ಅಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಬಂದ ದಿನ, ನನ್ನ ಹಳೇ ಕಾರಿನ ಹಿಂದಿನ ಬಾಗಿಲು ಅವಳೇ ತೆಗೆದು ಹತ್ತಿದಳು. ಹಿಂದೆ ಹೋಗು ಅಂತ ಯಾರೂ ಹೇಳಲಿಲ್ಲ. ಮುಂದೆ ಬಾ ಅಂತಲೂ ಯಾರೂ ಹೇಳಲಿಲ್ಲ. ಆಮೇಲೆ ಕಾರು ಉದ್ದ ಆಯಿತು, ಅಮ್ಮ ಇನ್ನೊಂದು ಸಾಲು ಹಿಂದೆ ಹೋದಳು. "ನಂಗೆ ಹಿಂದೆ ಕೂತ್ರೆ ಚೆನ್ನಾಗಿ ನಿದ್ದೆ ಬರ್ತದೆ" ಅಂದಳು, ನಾನು ನಂಬಿದೆ. ನಂಬಿದ್ದಲ್ಲ, ನಂಬಿದರೆ ಅನುಕೂಲ ಇತ್ತು.

ಇನ್ನೊಂದಿದೆ, ಇದನ್ನು ಬರೆದು ಎರಡು ಸಲ ಅಳಿಸಿದ್ದೇನೆ. ಷೋರೂಮಿನಲ್ಲಿ ಆ ಹುಡುಗ ಕೇಳಿದ್ದ, "ಮೂರನೇ ಸಾಲಲ್ಲಿ ಯಾರು ಕೂರ್ತಾರೆ ಸಾರ್?" ನಾನು ಹೇಳಿದ್ದು: "ಯಾರೂ ಇಲ್ಲಪ್ಪ, ಅಮ್ಮ ಅಷ್ಟೇ." ಸುಮಾ ಪಕ್ಕದಲ್ಲಿದ್ದಳು, ನಕ್ಕಳು. ಇಲ್ಲ, ಅವಳು ನಗಲಿಲ್ಲ, ನಕ್ಕವನು ನಾನು. ಹುಡುಗ ಬುಕ್ಕಿಂಗ್ ಫಾರ್ಮ್ ತರಲು ಎದ್ದ. ಟೆಸ್ಟ್ ಡ್ರೈವಿನಲ್ಲಿ ಹಿಂದೆ ಕೂತು ನೋಡಿದ್ದು ಒಂದು ಸ್ಟೆಪ್ನಿಯಷ್ಟು ದೊಡ್ಡ ನನ್ನ ಆಫೀಸ್ ಬ್ಯಾಗು.

ಸಾಕು. ಓದುತ್ತಿರುವ ಹತ್ತು ಜನರಲ್ಲಿ ಮೂರು ಜನ ಈಗಾಗಲೇ "ಕಣ್ಣು ತುಂಬಿ ಬಂತು ಸಾರ್" ಅಂತ ಬರೆಯಲು ಶುರುಮಾಡಿರುತ್ತಾರೆ. ಸ್ವಲ್ಪ ತಡೆಯಿರಿ, ಮುಂದಿನದ್ದು ಕೇಳಿ.

ಪೂರ್ತಿ ಪಶ್ಚಾತ್ತಾಪದಲ್ಲಿ ಹೋದ ಭಾನುವಾರ ಅಮ್ಮನನ್ನು ಮುಂದೆ ಕೂರಿಸಿಕೊಂಡು ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನಲು ಹೊರಟೆ. ಒಲ್ಲೆ ಒಲ್ಲೆ ಅಂದವಳು ಹತ್ತಿದಳು. ಗೊರಗುಂಟೆಪಾಳ್ಯ ದಾಟುವತನಕ ಮಾತಿಲ್ಲ, ಕೈ ಮಾತ್ರ ಮೇಲಿನ ಹಿಡಿಯಲ್ಲಿ. ಆಮೇಲೆ ಶುರು. "ಲಾರಿ." "ಲಾರಿ ಬಂತು." "ಹಾರನ್ ಮಾಡು." ಆರು ಪಥದ ಸಪಾಟು ರಸ್ತೆಯಲ್ಲಿ ಯಾರಿಗೆ ಹಾರನ್ ಮಾಡಲಿ ಮಾರಾಯ? ದಾಬಸ್‌ಪೇಟೆ ಬರುವತನಕ ಬಲಗಾಲಿನಿಂದ ನನಗಿಂತ ಹೆಚ್ಚು ಬ್ರೇಕ್ ಅವಳೇ ಒತ್ತಿದ್ದಾಳೆ. ಎಂಬತ್ತು ದಾಟಿದರೆ ಕೆಮ್ಮುತ್ತಾಳೆ. ಗಾಜಿನಲ್ಲಿ ಒಂದು ಹನಿ ಹಬೆ ಇಲ್ಲ, ಆದರೂ ಸೆರಗು ಹಿಡಿದು ಒಂದು ಸಲ ಒರೆಸಿದಳು. ನಾನು ಹಾರನ್ ಮಾಡಿದೆ. ಮುಂದಿದ್ದ ಟೆಂಪೋದವನು ತಲೆ ಹೊರಗೆ ಹಾಕಿ ನನ್ನ ವಂಶವನ್ನೆಲ್ಲ ವಿಚಾರಿಸಿಕೊಂಡ.

ವಾಪಸು ಬರುವಾಗ ಮೂರನೇ ಸಾಲಿನಲ್ಲಿ ಸುಮಾ ಕೂತಳು, ಒಂದೂವರೆ ಗಂಟೆ. ಅದರ ಪರಿಣಾಮವಾಗಿ ನಮ್ಮ ಮನೆಯಲ್ಲಿ ಈಗ ಮತ್ತೆ ಇನ್ನೋವಾ ಮಾತು ಎದ್ದಿದೆ. ನನ್ನ ಪಿಎಫ್ ಪಾಸ್‌ಬುಕ್ ಎಲ್ಲಿದೆ ಅಂತ ನಿನ್ನೆ ಯಾರೋ ಕೇಳುತ್ತಿದ್ದರು.

ಹಾಗಾಗಿ, ಸಿಯೆನಾನೋ ಒಡಿಸ್ಸಿಯೋ, ಏನಾದರೂ ತಗೋ. ಟೆಸ್ಟ್ ಡ್ರೈವಿಗೆ ಹೋದಾಗ ನಿನ್ನ ಆ ದೇಹ ಹೊತ್ತು ಹಿಂದೆ ತೂರಿ ಅರ್ಧ ಗಂಟೆ ಕೂತು ಬಾ, ಸಿಕ್ಕಿಹಾಕಿಕೊಂಡರೆ ವಿಡಿಯೋ ಕಳಿಸು. ಬಿಲ್ಲು ನನ್ನ ಮೇಲೆ ಹಾಕಬೇಡ, ದಾವಣಗೆರೆಯ ಮುನ್ನೂರ ನಲವತ್ತು ರೂಪಾಯಿ ಇನ್ನೂ ಬಾಕಿಯಿದೆ. ನಿನ್ನ ಅಮ್ಮನಿಗೆ ನಮಸ್ಕಾರ ತಿಳಿಸು. ಅಪ್ಪಯ್ಯನನ್ನು ಮುಂದೆ ಕೂರಿಸು, ಹ್ಯಾಂಡ್‌ಬ್ರೇಕ್ ಮಾತ್ರ ಮುಟ್ಟಲು ಬಿಡಬೇಡ. ಕೊಪ್ಪದ ಸಂತೆ ಮರೆತಿಲ್ಲ ತಾನೇ?

ಇತಿ,
ಸ್ಟೆಪ್ನಿ