ಚೌಕ ಎಲ್ಲಿ ಬೀಳಬೇಕು

ಚಿ. ಮಾನಸಾಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಗಣಿ ಮುಚ್ಚಿದ ಜಾಗದಲ್ಲಿ ಬೆಳೆಸಿದ ಹಸಿರನ್ನು ಅಳೆಯುವ ಕೆಲಸ ನಿನ್ನ ಪಾಲಿಗೆ ಬಂದದ್ದು ಕೇಳಿ ಸಂತೋಷವಾಯಿತು. ಯಾವ ವಿಧಾನ ಒಳ್ಳೆಯದು ಅಂತ ಕೇಳಿದ್ದೀಯ. ಅದು ಆಮೇಲಿನ ಮಾತು. ಎಲ್ಲಿ ಅಳೆಯಬೇಕು ಅನ್ನುವುದು ಮೊದಲು ಗಟ್ಟಿಯಾಗಲಿ. ಅಲ್ಲಿ ಎಡವಿದರೆ ಮುಂದಿನ ಲೆಕ್ಕವೆಲ್ಲ ದಂಡ.

ಕಾಲು ಸಲೀಸಾದ ದಾರಿ ಹಿಡಿಯುತ್ತದೆ, ಕಣ್ಣು ಹಸಿರನ್ನು ಹುಡುಕುತ್ತದೆ. ಚೌಕವನ್ನು, ಅಂದರೆ ಗಿಡ ಅಳೆಯಲು ನೆಲದ ಮೇಲಿಡುವ ಚೌಕಟ್ಟನ್ನು, ಹೆಗಲ ಮೇಲಿಂದ ಹಿಂದಕ್ಕೆ ಎಸೆದುಬಿಟ್ಟರೆ ಪಕ್ಷಪಾತ ಇರುವುದಿಲ್ಲ ಅನ್ನುವವರು ನಿನಗೆ ಸಿಕ್ಕೇ ಸಿಗುತ್ತಾರೆ. ಎಸೆಯುವ ಮುಂಚೆ ಎಲ್ಲಿ ನಿಲ್ಲಬೇಕು ಅಂತ ಆರಿಸಿಕೊಂಡವರು ಯಾರು? ಅವರೇ ತಾನೆ! ಹಾಗಾಗಿ ಬಿಂದುಗಳನ್ನು ಕಚೇರಿಯಲ್ಲೇ, ನಕ್ಷೆಯ ಮೇಲೆ, ಕಂಪ್ಯೂಟರಿನಿಂದ ಯಾದೃಚ್ಛಿಕವಾಗಿ ತೆಗೆಸಿ ಜಿಪಿಎಸ್‌ಗೆ ಹಾಕಿಕೊಂಡೇ ಹೊರಡು. ಬಿಂದು ಕೊರಕಲಿನ ಅಂಚಿಗೆ ಬೀಳಲಿ, ಕಲ್ಲುರಾಶಿಯ ಮೇಲೆ ಬೀಳಲಿ, ಹುಲ್ಲುಕಡ್ಡಿಯೂ ಇಲ್ಲದ ಬೋಳು ನೆಲಕ್ಕೆ ಬೀಳಲಿ, ಅಲ್ಲೇ ಅಳೆ. ಜಾರಿ ಬೀಳುವ ಅಪಾಯವಿರುವ ಕಡೆ ಮಾತ್ರ ಬಿಡು. ಬಿಟ್ಟದ್ದನ್ನು ಕಾರಣಸಹಿತ ಬರೆದಿಟ್ಟು, ಮೊದಲೇ ತೆಗೆದಿರಿಸಿದ ಹೆಚ್ಚುವರಿ ಬಿಂದುಗಳಲ್ಲಿ ಸರದಿಯಂತೆ ಮುಂದಿನದಕ್ಕೆ ಹೋಗು.

ಇಡೀ ಜಾಗವನ್ನು ಒಂದೇ ಹೊಲದಂತೆ ಕಾಣಬೇಡ. ಮೇಲ್ಮಣ್ಣು ಹರಡಿದ ಸಮತಟ್ಟು, ಡಂಪಿನ (ಗಣಿಯಿಂದ ತೆಗೆದು ಸುರಿದ ಮಣ್ಣು-ಕಲ್ಲಿನ ಗುಡ್ಡೆಯ) ಇಳಿಜಾರು, ಬೇರೆ ಬೇರೆ ವರ್ಷ ಬಿತ್ತಿದ ತುಂಡುಗಳು: ಇವನ್ನು ಬೇರೆಬೇರೆಯಾಗಿಯೇ ಇಟ್ಟುಕೋ.

ಇನ್ನು ವಿಧಾನ. ಹೊದಿಕೆಯನ್ನು, ಅಂದರೆ ನೆಲದ ಎಷ್ಟು ಭಾಗವನ್ನು ಗಿಡ ಮುಚ್ಚಿದೆ ಅನ್ನುವುದನ್ನು, ಅಳೆಯಲು ನನ್ನ ಒಲವು ಬಿಂದು ವಿಧಾನದ ಕಡೆಗೆ. ನಕ್ಷೆಯಲ್ಲಿ ತೆಗೆದ ಒಂದೊಂದು ಬಿಂದುವಿನಿಂದಲೂ 50 ಮೀಟರ್ ಟೇಪು ಎಳೆದು, ಅರ್ಧ ಮೀಟರಿಗೊಮ್ಮೆ ತೆಳ್ಳನೆಯ ಕಡ್ಡಿಯನ್ನು ನೇರವಾಗಿ ಇಳಿಸು. ತುದಿಗೆ ಮೊದಲು ತಾಗಿದ್ದು ಎಲೆಯೋ, ತರಗೋ, ಕಲ್ಲೋ, ಬರಿ ಮಣ್ಣೋ ಅಷ್ಟನ್ನು ಬರೆದುಕೋ. ನೂರು ಬಿಂದುಗಳಲ್ಲಿ ಎಲೆ ಎಷ್ಟು ಕಡೆ ತಾಗಿತೋ ಅಷ್ಟು ಶೇಕಡಾ ಹಸಿರು. ಕಡ್ಡಿ ದಪ್ಪವಾದಷ್ಟೂ ಹಸಿರು ಉಬ್ಬಿ ಕಾಣುತ್ತದೆ, ಅದರಲ್ಲೂ ಎಳೆಯಂಥ ಎಲೆಯ ಹುಲ್ಲಿನಲ್ಲಿ. ಗಾಳಿ ಬೀಸುತ್ತಿದ್ದರೆ ನಿಲ್ಲುವ ತನಕ ಕಾಯಿ. ಎಲೆ ಅಲ್ಲಾಡುವಾಗ ‘ತಾಗಿತು’ ಅನ್ನಿಸುವುದು ಬಹಳ ಸುಲಭ.

ಅಮೆರಿಕದ ಸಸ್ಯ ಪರಿಸರ ವಿಜ್ಞಾನಿ ಡಾಬೆನ್‌ಮೈರ್ 1959ರಲ್ಲಿ ವಿವರಿಸಿದ 20×50 ಸೆಂಟಿಮೀಟರ್ ಚೌಕಟ್ಟೂ ಬಳಕೆಯಲ್ಲಿದೆ. ಅದರಲ್ಲಿ ಹೊದಿಕೆಯನ್ನು ಕಣ್ಣಳತೆಯಲ್ಲಿ ಆರು ದರ್ಜೆಗಳಿಗೆ ಹಾಕುತ್ತಾರೆ. ಕೆಲಸ ಬೇಗ ಸಾಗುತ್ತದೆ, ಅಪರೂಪದ ಗಿಡಗಳೂ ಹೆಚ್ಚು ಕಣ್ಣಿಗೆ ಬೀಳುತ್ತವೆ. ಆದರೆ 5ರಿಂದ 25, 25ರಿಂದ 50 ಎಂಬ ದರ್ಜೆಗಳ ಗಡಿಯಲ್ಲಿ ಇಬ್ಬರು ಒಂದೇ ಚೌಕವನ್ನು ಬೇರೆಬೇರೆ ದರ್ಜೆಗೆ ಹಾಕಿಬಿಡುತ್ತಾರೆ. ಬಳಸಲೇಬೇಕಾಗಿ ಬಂದರೆ ದಿನದ ಆರಂಭದಲ್ಲಿ ತಂಡದವರೆಲ್ಲ ಕೆಲವು ಚೌಕಗಳನ್ನು ಒಟ್ಟಿಗೆ ನೋಡಿ ಕಣ್ಣು ಹೊಂದಿಸಿಕೊಳ್ಳಿ.

ಈಗ ಹೇಳುವುದನ್ನು ಎರಡು ಸಲ ಓದು. ಒಂದು ಟೇಪಿನ ನೂರು ಬಿಂದುಗಳು ನೂರು ಸ್ಯಾಂಪಲ್ ಅಲ್ಲ, ಒಂದೇ ಸ್ಯಾಂಪಲ್. ಹತ್ತು ಟೇಪು ಎಳೆದು ‘ಸಾವಿರ ಸ್ಯಾಂಪಲ್ ತೆಗೆದೆವು’ ಅಂತ ಬರೆದರೆ ಲೆಕ್ಕ ಬಲ್ಲವರು ವರದಿಯನ್ನು ಅಲ್ಲಿಗೇ ಮಡಚಿಡುತ್ತಾರೆ. ಹಾಗಾದರೆ ಎಷ್ಟು ಟೇಪು ಸಾಕು? ಅದನ್ನು ನೆಲವೇ ಹೇಳುತ್ತದೆ. ಸರಾಸರಿ ಹೊದಿಕೆ ಶೇ. 60, ಟೇಪಿನಿಂದ ಟೇಪಿಗೆ ಮಾನಕ ವಿಚಲನೆ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) 15 ಅಂತಿಟ್ಟುಕೋ. ಸರಾಸರಿಯ ಶೇ. 10ರೊಳಗೆ, ಅಂದರೆ 6ರೊಳಗೆ, ನಿಖರತೆ ಬೇಕು. ಒಂದೇ ಬದಿಯ, ಅಂದರೆ ಹೊದಿಕೆ ಕಡಿಮೆಯಿದೆಯೇ ಅಂತಷ್ಟೇ ನೋಡುವ, ಶೇ. 90 ವಿಶ್ವಾಸಕ್ಕೆ ಗುಣಕ 1.28. ಅದನ್ನು 15ರಿಂದ ಗುಣಿಸಿ, 6ರಿಂದ ಭಾಗಿಸಿ, ವರ್ಗ ಮಾಡಿದರೆ 10.24. ಹನ್ನೊಂದು ಟೇಪು. ವಿಚಲನೆ 30 ಆದರೆ? ನಲವತ್ತೊಂದು! ಏರುಪೇರು ಎರಡು ಪಟ್ಟಾದರೆ ದುಡಿಮೆ ನಾಲ್ಕು ಪಟ್ಟು. ಜಾಗವನ್ನು ತುಂಡು ಮಾಡು ಅಂದದ್ದಕ್ಕೆ ಇದೂ ಒಂದು ಕಾರಣ. ಸ್ಯಾಂಪಲ್ ಕಡಿಮೆಯಿದ್ದಾಗ 1.28ರ ಬದಲು ಟಿ ಕೋಷ್ಟಕದ (ಸ್ಯಾಂಪಲ್ ಸಂಖ್ಯೆಗೆ ತಕ್ಕ ಗುಣಕ ಕೊಡುವ ಸಂಖ್ಯಾಶಾಸ್ತ್ರದ ಪಟ್ಟಿಯ) ಬೆಲೆ ಹಾಕಬೇಕು, ಆಗ ಸಂಖ್ಯೆ ಇನ್ನೊಂದಿಷ್ಟು ಏರುತ್ತದೆ.

ಈ ಶೇ. 90 ನಾನು ಹುಟ್ಟಿಸಿದ್ದಲ್ಲ. ಅಮೆರಿಕದಲ್ಲಿ ಕಲ್ಲಿದ್ದಲು ಗಣಿಗಳಿಗೆಂದು 1977ರಲ್ಲಿ ಬಂದ ಕಾಯ್ದೆಯಡಿಯ ನಿಯಮಗಳು ಈ ವಿಶ್ವಾಸಮಟ್ಟವನ್ನೇ ಕೇಳುತ್ತವೆ. ಹೊದಿಕೆ ನಿಗದಿತ ಮಾನದಂಡದ ಶೇ. 90ಕ್ಕೆ ಕಡಿಮೆ ಇರಬಾರದು ಅನ್ನುವುದು ಅಲ್ಲಿನ ಇನ್ನೊಂದು ಶರತ್ತು. ಎರಡೂ ಒಂದೇ ಅಂಕಿ, ಅರ್ಥ ಬೇರೆ. ಕಲಸಿಕೊಳ್ಳಬೇಡ.

ಹೊದಿಕೆ ಒಂದನ್ನೇ ನಂಬಿ ಕೂರಬೇಡ. ಕಳೆಯೂ ನೆಲ ಮುಚ್ಚುತ್ತದೆ, ಆದ್ದರಿಂದ ಯಾವ ಗಿಡ ಅನ್ನುವುದನ್ನು ಪ್ರತಿ ಬಿಂದುವಿನಲ್ಲೂ ಬರೆ. ಮರಗಿಡಗಳಿಗೆ ಟೇಪಿನ ಇಕ್ಕೆಲದಲ್ಲೂ ನಿಗದಿತ ಅಗಲದ ಪಟ್ಟಿ ಹಿಡಿದು ಜೀವಂತ ಸಸಿಗಳನ್ನು ಎಣಿಸು. ಗೆರೆಯ ಮೇಲೆ ನಿಂತ ಸಸಿಯನ್ನು ಒಂದು ಬದಿಯಲ್ಲಿ ಸೇರಿಸು, ಎದುರು ಬದಿಯಲ್ಲಿ ಬಿಡು. ಇಲ್ಲದಿದ್ದರೆ ಎಲ್ಲರ ಕೈಯೂ ಸೇರಿಸುವ ಕಡೆಗೇ ವಾಲುತ್ತದೆ.

ಹೋಲಿಕೆಗೆ ಇಟ್ಟುಕೊಂಡ ಅಗೆಯದ ನೆಲವನ್ನೂ ಅದೇ ವಾರದಲ್ಲಿ, ಅದೇ ಜನ, ಅದೇ ಕಡ್ಡಿಯಿಂದ ಅಳೆಯಿರಿ. ಹುಲ್ಲು ಚಿಗುರಿದಾಗ ಒಂದನ್ನು, ಒಣಗಿದ ಮೇಲೆ ಇನ್ನೊಂದನ್ನು ಅಳೆದರೆ ಋತುವನ್ನು ಅಳೆದ ಹಾಗಾಯಿತು ಅಷ್ಟೆ.

ಪ್ರತಿ ತುಂಡಿನಲ್ಲೂ ಮೊದಲ ಐದಾರು ಟೇಪು ಮುಗಿದ ಕೂಡಲೆ ಹಾಳೆಗಳನ್ನು ನನಗೆ ಕಳಿಸು. ಬರೀ ಸರಾಸರಿ ಬೇಡ, ಒಂದೊಂದು ಟೇಪಿನ ಅಂಕಿಯೂ ಇರಲಿ. ಇನ್ನೆಷ್ಟು ಬೇಕೆಂದು ಇಬ್ಬರೂ ಕೂತು ಲೆಕ್ಕ ಹಾಕೋಣ.

ಇತಿ,
ನಿನ್ನ ಮಾವ