ನಾನೂರು ಮನೆ ಯಾವ ಮೂಲೆಗೆ?

ಚಿ. ಸುಮಾಳಿಗೆ,

ಚಿಕ್ಕಮ್ಮನ ಆಶೀರ್ವಾದಗಳು. ಮನೆಗೆಲಸದ ಹಂಚಿಕೆ ಕುರಿತ ಅಧ್ಯಯನಕ್ಕೆ 400 ಮನೆಗಳಲ್ಲಿ ಸಮೀಕ್ಷೆ ಮಾಡುತ್ತೇನೆ ಅಂತ ಬರೆದಿದ್ದೀಯ. ಆ ಕಾಗದದ ಕೊನೆಯಲ್ಲಿ ಒಂದು ಸಾಲಿದೆಯಲ್ಲ, ‘ನಾನೂರು ಮನೆ ಯಾವ ಮೂಲೆಗೆ ಸಾಲುತ್ತೆ ಅಂತ ಮೌಖಿಕ ಪರೀಕ್ಷೆಯಲ್ಲಿ ಕೇಳಿಬಿಟ್ಟರೆ?’ ಅಂತ. ಉಳಿದದ್ದನ್ನೆಲ್ಲ ಒಂದೇ ಉಸಿರಿಗೆ ಓದಿದೆ. ಆ ಸಾಲಿನಲ್ಲಿ ಸಿಕ್ಕಿಕೊಂಡೆ.

ಕೇಳಿದರೆ ಲೆಕ್ಕ ಹೇಳು. ಅರ್ಧ ಜನ ಹೌದು, ಅರ್ಧ ಜನ ಇಲ್ಲ ಅನ್ನುವ ಕಷ್ಟದ ಸ್ಥಿತಿಯನ್ನೇ ಹಿಡಿದರೂ, ಶೇ 95ರ ವಿಶ್ವಾಸ ಮಟ್ಟದಲ್ಲಿ (ನೂರು ಸಲ ಸಮೀಕ್ಷೆ ಮಾಡಿದರೆ ಸುಮಾರು 95 ಸಲ ಉತ್ತರ ಆ ಅಂತರದೊಳಗೇ ಬೀಳುವಂತೆ) ನಿಜಕ್ಕಿಂತ ಶೇ 5ರಷ್ಟು ಆಚೀಚೆ ಆದರೆ ಪರವಾಗಿಲ್ಲ ಅಂದರೆ 385 ಮನೆ ಸಾಕು. ಒಟ್ಟು ಮನೆ ಒಂದು ಲಕ್ಷವಿರಲಿ, ಒಂದು ಕೋಟಿಯಿರಲಿ, ಆ ಸಂಖ್ಯೆ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತೆ. ಆ ಶೇ 5ರ ಅಂತರವನ್ನು ಅರ್ಧಕ್ಕಿಳಿಸಲು ಹೊರಟರೆ ಮಾದರಿ, ಅಂದರೆ ಆರಿಸಿದ ಮನೆಗಳ ಸಂಖ್ಯೆ, ನಾಲ್ಕು ಪಟ್ಟು ಬೇಕು. ಒಬ್ಬಳೇ ಮಾಡಿ ಮುಗಿಸುವ ಕೆಲಸವಲ್ಲ ಅದು.

ಹೀಗೆ ಧೈರ್ಯ ಹೇಳುವಾಗಲೇ ನನಗೂ ಅಳುಕು. ಆ 385, ಪಟ್ಟಿಯಿಂದ ಒಂದೊಂದೇ ಮನೆಯನ್ನು ಯಾದೃಚ್ಛಿಕವಾಗಿ, ಚೀಟಿ ಎತ್ತಿದ ಹಾಗೆ, ಆರಿಸಿದಾಗಿನ ಮಾತು. ನೀನು 20 ಬಡಾವಣೆ, ತಲಾ 20 ಮನೆ ಅನ್ನುತ್ತೀಯ. ಅಕ್ಕಪಕ್ಕದವರ ಬದುಕು ಒಂದನ್ನೊಂದು ಹೋಲುತ್ತೆ. ಆ ಹೋಲಿಕೆಯ ಸಹಸಂಬಂಧ (0 ಅಂದರೆ ಹೋಲಿಕೆಯೇ ಇಲ್ಲ, 1 ಅಂದರೆ ಎಲ್ಲ ಒಂದೇ) ಬರೀ 0.05 ಇದ್ದರೂ ವಿನ್ಯಾಸ ಪರಿಣಾಮ, ಅಂದರೆ ಗುಂಪುಗುಂಪಾಗಿ ಆರಿಸಿದ್ದಕ್ಕೆ ಮಾದರಿಯನ್ನು ಎಷ್ಟರಿಂದ ಭಾಗಿಸಬೇಕೋ ಆ ಸಂಖ್ಯೆ, 1.95 ಆಗಿ, ನಿನ್ನ 400 ಮನೆ ಸುಮಾರು 205ರ ಬೆಲೆಗೆ ಇಳಿಯುತ್ತೆ. 40 ಬಡಾವಣೆ, ತಲಾ 10 ಮನೆ ಮಾಡಿದರೆ 275ರ ಆಸುಪಾಸು ಉಳಿಯುತ್ತೆ. ಓಡಾಟ ಜಾಸ್ತಿ, ಗೊತ್ತು. ಆದರೆ ನೋಡು.

ನಾನೂ ಓದುವಾಗ ‘ಎಷ್ಟು ಜನ’ ಅಂತಲೇ ಕೇಳಿಕೊಂಡೆ, ‘ಯಾರು ಬಿಟ್ಟುಹೋದರು’ ಅಂತ ಕೇಳಲಿಲ್ಲ. ಆ ಕೊರಗು ಈಗ ಯಾಕೆ, ಬಿಡು. ಬಿಟ್ಟುಹೋದರೆ ಏನಾಗುತ್ತೆ ಅನ್ನುವುದಕ್ಕೆ ಒಂದು ಕತೆ ಕೇಳು. 1936ರ ಅಮೆರಿಕದ ಚುನಾವಣೆಗೆ ಮುಂಚೆ ‘ಲಿಟರರಿ ಡೈಜೆಸ್ಟ್’ ಪತ್ರಿಕೆ ಯಾರಿಗೆ ಮತ ಅಂತ ಕೇಳಿ ಸುಮಾರು ಒಂದು ಕೋಟಿ ಮಾದರಿ ಮತಪತ್ರ ಅಂಚೆಗೆ ಹಾಕಿತ್ತು. 20 ಲಕ್ಷಕ್ಕೂ ಮಿಕ್ಕಿ ವಾಪಸು ಬಂದವು. ರೂಸ್‌ವೆಲ್ಟ್ ಎದುರಾಳಿ ಲ್ಯಾಂಡನ್ ಗೆಲುವು ಖಂಡಿತ ಅಂದಿತು. ರೂಸ್‌ವೆಲ್ಟ್ ಶೇ 60ಕ್ಕೂ ಹೆಚ್ಚು ಮತ ಪಡೆದು ಗೆದ್ದರು. ವಿಳಾಸ ತೆಗೆದದ್ದು ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿಯಂಥ ಪಟ್ಟಿಗಳಿಂದ, ಅದೂ ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ. ಬಡವರು ಆ ಪಟ್ಟಿಗಳಲ್ಲಿ ಕಡಿಮೆ. ಸಾಲದ್ದಕ್ಕೆ, ಉತ್ತರ ಕಳಿಸದವರ ಒಲವೇ ಬೇರೆ ಇತ್ತು.

ನಿನ್ನ ನಾನೂರಕ್ಕೂ ಅಪಾಯ ಇರುವುದು ಅಲ್ಲೇ. ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಇಬ್ಬರೂ ದುಡಿಯುವ ಮನೆಗೆ ಬೀಗ. ಮನೆಗೆಲಸದ ಹಂಚಿಕೆ ಕುರಿತ ಅಧ್ಯಯನದಲ್ಲಿ ಅಂಥ ಮನೆಗಳೇ ತಪ್ಪಿಹೋದರೆ ಇನ್ನೇನು ಉಳಿಯಿತು? ಬದಲಿಗೆ ಅಂತ ಪಕ್ಕದ ಮನೆ ಸೇರಿಸಬೇಡ. ಸಂಜೆ ಒಮ್ಮೆ, ರಜೆಯ ದಿನ ಒಮ್ಮೆ, ಒಟ್ಟು ಮೂರು ಸಲವಾದರೂ ಹೋಗು. ಆಮೇಲೂ ಸಿಗದಿದ್ದರೆ ಸಿಗಲಿಲ್ಲ ಅಂತಲೇ ಬರೆದಿಡು. ಹತ್ತರಲ್ಲಿ ಎಂಟು ಮನೆ ಉತ್ತರಿಸುವಂತಿದ್ದರೆ 40 ಬಡಾವಣೆಗೆ ತಲಾ 12–13ರಂತೆ ಒಟ್ಟು 500 ಮನೆ ಆರಿಸಿಟ್ಟುಕೋ. ಇದರಿಂದ ಸಂಖ್ಯೆ ತುಂಬುತ್ತೆ ಅಷ್ಟೆ, ಬಿಟ್ಟುಹೋದವರ ಓರೆ ನೇರವಾಗುವುದಿಲ್ಲ.

ಕೇಳದಿದ್ದರೂ ಒಂದು ಮಾತು, ಬೇಜಾರು ಮಾಡಿಕೋಬೇಡ. ನಿನ್ನ ಪ್ರಶ್ನಾವಳಿಯ 7ನೇ ಪ್ರಶ್ನೆ: ‘ಮನೆಗೆಲಸ ಮತ್ತು ಮಕ್ಕಳ ಆರೈಕೆಯಲ್ಲಿ ಪತಿ ಸಹಾಯ ಮಾಡುತ್ತಾರೆಯೇ?’ ಒಂದೇ ಪ್ರಶ್ನೆಯಲ್ಲಿ ಎರಡು ಸೇರಿವೆ. ಒಂದಕ್ಕೆ ಹೌದು, ಇನ್ನೊಂದಕ್ಕೆ ಇಲ್ಲ ಅನ್ನುವವಳು ಏನು ಗುರುತು ಹಾಕಬೇಕು? ‘ಸಹಾಯ’ ಅಂದ ಕೂಡಲೇ ಕೆಲಸ ಅವಳದ್ದೇ ಅಂತ ನೀನೇ ತೀರ್ಪು ಕೊಟ್ಟಂತಾಯಿತು. ನಿನ್ನೆ ಯಾವ ಕೆಲಸ, ಯಾರು, ಎಷ್ಟು ನಿಮಿಷ ಮಾಡಿದರು ಅಂತ ಬಿಡಿಬಿಡಿಯಾಗಿ ಕೇಳು. ಮಾದರಿಗೆ ಸೇರದ 20–30 ಮನೆಗಳಲ್ಲಿ ಮೊದಲು ಕೇಳಿ, ಎಲ್ಲಿ ತಡವರಿಸುತ್ತಾರೆ ಗುರುತು ಮಾಡಿಕೋ.

ಅಂದಹಾಗೆ, ಮನೆಗಳ ಪಟ್ಟಿ ಎಲ್ಲಿಂದ ತೆಗೆದೆ, ಯಾವ ವರ್ಷದ್ದು ಅಂತ ನೀನು ಬರೆದೇ ಇಲ್ಲ. ಮುಂದಿನ ಕಾಗದದಲ್ಲಿ ಅದು ಮೊದಲು ಬರಲಿ.

ನಿನ್ನ ಚಿಕ್ಕಮ್ಮ