ಬೋಟಿನ ಹುಡುಗರ ಆಧಾರ್ ಕಾರ್ಡ್ ಯಾರ ಕಿಸೆಯಲ್ಲಿದೆ, ಸಾಹೇಬರೇ?

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಕಾರವಾರ.

ನಮಸ್ಕಾರ. 1976ರ ಜೀತ ರದ್ದತಿ ಕಾಯ್ದೆ, ಅದರ ಜಾರಿ ನೋಡಿಕೊಳ್ಳುವ ಜಿಲ್ಲಾ ಜಾಗೃತ ಸಮಿತಿ, ಇದೆಲ್ಲ ನಿಮಗೆ ಗೊತ್ತಿರುವುದೇ. ಸಮಿತಿಯ ಅಧ್ಯಕ್ಷರೂ ನೀವೇ. ಹಾಗಾಗಿ ನೇರ ಕೇಳುತ್ತೇನೆ: ಆ ಸಮಿತಿಯನ್ನು ಬಂದರಿಗೆ ಕರೆದುಕೊಂಡು ಬನ್ನಿ.

ಹೊರಗಿನಿಂದ ಬಂದ ಹುಡುಗರನ್ನು ಬೋಟುಗಳಲ್ಲಿ ಜೀತದ ಹಾಗೆ ದುಡಿಸುವುದನ್ನು ವರ್ಷವರ್ಷವೂ ನೋಡಿ ಸುಮ್ಮನಿದ್ದೆವು. ಈ ಮೇ ಕೊನೆಯಲ್ಲಿ ಆದದ್ದು ಮಾತ್ರ ನುಂಗಲು ಆಗುತ್ತಿಲ್ಲ. ಮೀನುಗಾರಿಕೆ ಬಂದ್ ಆಗುವ ಹೊತ್ತು, ಎಲ್ಲರೂ ಊರಿಗೆ ಹೊರಡುವ ಸಮಯ. ಒಡಿಶಾದ ಇಬ್ಬರು ಹುಡುಗರು ನಮ್ಮ ಇಗರ್ಜಿಯ (ಚರ್ಚಿನ) ಬಾಗಿಲಿಗೆ ಬಂದರು. ಅಂಗೈ ತುಂಬ ಬಲೆಯ ಹಗ್ಗ ಕೊರೆದ ಗಾಯ. ಸೀಸನ್ ಪೂರ್ತಿ ದುಡಿದಿದ್ದರೂ ಲೆಕ್ಕ ಮಾಡಿಲ್ಲ, ಅಡ್ವಾನ್ಸ್ ಇನ್ನೂ ತೀರಿಲ್ಲವಂತೆ. ಆಧಾರ್ ಕಾರ್ಡ್ ಏಜೆಂಟ್ ಹತ್ತಿರ. ಚಿಕ್ಕವನು ಹದಿನೆಂಟು ಅಂದ. ನೋಡಿದರೆ ನಂಬುವ ಹಾಗಿರಲಿಲ್ಲ.

ಒಂದು ಕಚೇರಿಗೆ ಕರೆದುಕೊಂಡು ಹೋದೆ. ಮೊದಲ ಪ್ರಶ್ನೆ, "ಆಧಾರ್ ಇದೆಯಾ?" ಅದನ್ನು ಕಿತ್ತುಕೊಂಡಿದ್ದಾರೆ ಅಂತಲೇ ದೂರು ಕೊಡಲು ಬಂದದ್ದು! "ಹಾಗಾದ್ರೆ ಏಜೆಂಟ್ ಹತ್ರ ಝೆರಾಕ್ಸ್ ಇಸ್ಕೊಂಡು ಬನ್ನಿ" ಅಂದರು. ಒಳ್ಳೇ ಸಲಹೆ ಅಲ್ವಾ? ಇದು ಬರೀ ಕೂಲಿ ತಕರಾರಂತೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಮಾನವ ಕಳ್ಳಸಾಗಣೆಯ 143ನೇ ಕಲಮಿನಲ್ಲಿ ಗುಲಾಮಗಿರಿಯಂಥ ದುಡಿಮೆಯೂ ಬರುತ್ತದೆ ಅಂದೆ. ಅದಕ್ಕೆ ನಕ್ಕು, "ಹೊರಗಿನವರಿಗೆ ಯಾಕಿಷ್ಟು ಓಡಾಡ್ತೀರಿ, ನಿಮ್ಮ ಜಾತಿಗೆ ಸೇರಿಸ್ಕೊಳ್ಳೋಕಾ?" ಅಂತ ಕೇಳಿದರು. ಹುಡುಗರ ಕೊರಳಲ್ಲಿ ತುಳಸಿ ಮಣಿ ಇತ್ತು ಸಾರ್. ನಾವು ದುಡ್ಡು ಸೇರಿಸಿ ರೈಲು ಹತ್ತಿಸಿದಾಗಲೂ ಇತ್ತು. ಕೂಲಿ ಇವತ್ತಿಗೂ ಬಂದಿಲ್ಲ.

ಯಾಕೆ ಓಡಾಡುತ್ತೇವೆ ಅಂದರೆ, ಫೆಬ್ರುವರಿ 8 ಸಂತ ಬಖೀತಾಳ ಹಬ್ಬ. ಸುಡಾನಿನವಳು. ಚಿಕ್ಕವಳಿದ್ದಾಗಲೇ ಕದ್ದೊಯ್ದು ಕೈಯಿಂದ ಕೈಗೆ ಮಾರಿದ್ದರು. 2015ರಿಂದ ಆ ದಿನ ಕಥೋಲಿಕರು ಎಲ್ಲ ಕಡೆ ಮಾನವ ಕಳ್ಳಸಾಗಣೆ ವಿರುದ್ಧ ಪ್ರಾರ್ಥನೆ ಮಾಡುತ್ತಾರೆ. ನಾವೂ ಮೊಂಬತ್ತಿ ಹಚ್ಚಿ ಪ್ರಾರ್ಥನೆ ಮಾಡಿ, ಆಮೇಲೆ ಬಂದರಿನಲ್ಲಿ ಅದನ್ನೇ ಕಣ್ಣಾರೆ ಕಂಡು ಮನೆಗೆ ಹೋಗಬೇಕಾ? ಪೋಪ್ ಫ್ರಾನ್ಸಿಸ್ 2013ರಲ್ಲಿ ರೋಮ್ ಬಿಟ್ಟು ಮೊದಲ ಅಧಿಕೃತ ಭೇಟಿಗೆ ಹೋದದ್ದೇ ಇಟಲಿಯ ಲಾಂಪೆಡೂಸಾ ದ್ವೀಪಕ್ಕೆ, ದೋಣಿಯಲ್ಲಿ ಬರುವ ವಲಸಿಗರ ಹತ್ತಿರ. ನಿಮಗೆ ಅಷ್ಟು ದೂರ ಇಲ್ಲ. ಬೈತಖೋಲ್ ಬಂದರು ನಿಮ್ಮ ಕಚೇರಿಯಿಂದ ಹತ್ತಿರವೇ.

ಆಗಸ್ಟ್ 1ಕ್ಕೆ ಬೋಟುಗಳು ಮತ್ತೆ ಕಡಲಿಗೆ ಇಳಿಯುತ್ತವೆ. ಅಷ್ಟರೊಳಗೆ ಸಮಿತಿ ಬಂದರಿಗೆ ಬರಲಿ. ಬೈತಖೋಲ್, ತದಡಿ, ಹೊನ್ನಾವರ, ಭಟ್ಕಳ, ಎಲ್ಲ ಕಡೆಗೂ. ಬೋಟು ಬೋಟಿಗೂ ಹುಡುಗರ ಹೆಸರು ಬರೆಸಿ. ಕಾರ್ಡು ಅವರ ಕೈಯಲ್ಲೇ ಇದೆಯಾ ನೋಡಿ. ಒಡಿಯಾ ಬರುವವರೊಬ್ಬರು ಜೊತೆಗಿರಲಿ, ಏಜೆಂಟ್ ಪಕ್ಕದಲ್ಲಿ ನಿಂತಿರುವುದು ಬೇಡ.

ಯಾವತ್ತು ಬರುತ್ತೀರಿ ತಿಳಿಸಿ.

ಇತಿ,
ಕಾರವಾರದ ಒಬ್ಬ ಕಥೋಲಿಕ